ಕರಡಿಯ ಪಾರ್ಸೆಲ್ಲು

ಕಳೆದ ವಾರ ಮನೆಗೆ ಒಂದು ಪಾರ್ಸೆಲ್ಲು ಬಂತು. ಒಳಗೆ ತಂದು ಮೇಜಿನ ಮೇಲಿಟ್ಟು, ಕತ್ತರಿ ಹುಡುಕಿ, ಕನ್ನಡಕ ಒರೆಸಿಕೊಂಡು, ಇನ್ನೇನು ಅಂಟುಪಟ್ಟಿಗೆ ಕತ್ತರಿ ತಾಗಿಸಬೇಕು, ಅಷ್ಟರಲ್ಲಿ ಅಡುಗೆಮನೆಯಿಂದ ನನ್ನ ಹೆಂಡತಿ ಕೂಗಿ ಹೇಳಿದಳು: "ಅದು ಮಿಕ್ಸಿ ಜಾರು. ಬಿಚ್ಚಡಿ, ಹಾಂಗೇ ಇರ್ಲಿ."

ಎಲ್ಲಿತ್ತೋ ಸಿಟ್ಟು. ಕತ್ತರಿಯನ್ನು ಮೇಜಿಗೆ ಕುಕ್ಕಿ ಹೊರಗೆ ಹೋಗಿ ಕುಳಿತೆ. ಒಳಗೆ ಏನಿದೆ ಎಂದು ಮೊದಲೇ ಗೊತ್ತಿರುವ ಪಾರ್ಸೆಲ್ಲನ್ನು ಬಿಚ್ಚುವುದೂ ಒಂದು ಬಿಚ್ಚುವುದೇ? ಈಗಂತೂ ಮೊಬೈಲಿನಲ್ಲಿ ಅದರ ಫೋಟೋ, ಬಣ್ಣ, ಅದು ಹುಬ್ಬಳ್ಳಿ ಬಿಟ್ಟ ಹೊತ್ತು, ಶಿರಸಿ ಮುಟ್ಟಿದ ಹೊತ್ತು ಎಲ್ಲವೂ ಬರುತ್ತದೆ. ಬಾಗಿಲಿಗೆ ಬರುವಷ್ಟರಲ್ಲಿ ಪಾರ್ಸೆಲ್ಲು ಹಳಸಿಹೋಗಿರುತ್ತದೆ.

"ಒಂದು ಜಾರಿಗೆ ಇಷ್ಟೆಲ್ಲ ಸಿಟ್ಟನ?" ಎಂದು ಅವಳು ಚಹಾ ತಂದಿಟ್ಟಳು. ಜಾರಿನ ಮೇಲಿನ ಸಿಟ್ಟಲ್ಲ ಎಂದು ಅವಳಿಗೂ ಗೊತ್ತು. ಅದು ನಮ್ಮ ಅಳಿಯ ಹಚ್ಚಿದ ಸಿಟ್ಟು. ಆರಿದೆ ಎಂದುಕೊಂಡಿದ್ದೆ. ಆರಿರಲಿಲ್ಲ.

ಅಳಿಯನ ಮೇಲೆ ಬರುವ ಸಿಟ್ಟು ಬಹಳ ಕೆಟ್ಟದ್ದು, ಏಕೆಂದರೆ ಅದನ್ನು ತೀರಿಸಿಕೊಳ್ಳಲು ದಾರಿಯೇ ಇಲ್ಲ. ಮಗನಾದರೆ ಬೈಯಬಹುದು. ತಮ್ಮನಾದರೆ ಮಾತು ಬಿಡಬಹುದು. ಅಳಿಯನಿಗೆ ಮಾತ್ರ, ಎಷ್ಟೇ ಸಿಟ್ಟಿದ್ದರೂ, ದೋಸೆಯ ತಟ್ಟೆ ಹಿಡಿದು ನಿಂತು, "ಇನ್ನೊಂದು ತೆಳ್ಳೇವು ಹಾಕ್ಲಾ?" ಎಂದು ಕೇಳಬೇಕು. ನಮ್ಮ ರವೀಶ ಕೆಟ್ಟವನೇನಲ್ಲ. ಯಲ್ಲಾಪುರದಲ್ಲಿ ಕಾಲೇಜಿನ ಮಕ್ಕಳಿಗೆ ಪಾಠ ಹೇಳುತ್ತಾನೆ, ಮಗಳನ್ನು ಚೆನ್ನಾಗಿ ನೋಡಿಕೊಂಡಿದ್ದಾನೆ, ತಿಂಗಳಿಗೊಮ್ಮೆ ಬಂದು ನಮ್ಮ ಮೊಬೈಲುಗಳನ್ನು ರಿಪೇರಿ ಮಾಡಿ ಹೋಗುತ್ತಾನೆ. ಆದರೆ ಅವನು ಮಾಡಿದ ಒಂದು ಕೆಲಸವನ್ನು ನಾನು ಕ್ಷಮಿಸುವುದಿಲ್ಲ. ಒಬ್ಬ ಮುದುಕ ನಲವತ್ತಕ್ಕೂ ಹೆಚ್ಚು ವರ್ಷ ಕಾದಿದ್ದ ಒಂದು ನಗುವನ್ನು ಅವನು ಫೋನಿನಲ್ಲಿ, ಮೆಣಸಿನ ಬಳ್ಳಿ ಕೇಳುವುದಕ್ಕೂ ಫೋನ್ ಇಡುವುದಕ್ಕೂ ನಡುವೆ, ಒಂದೇ ವಾಕ್ಯದಲ್ಲಿ ಹಾಳು ಮಾಡಿಬಿಟ್ಟ.

ಸಿಟ್ಟಿನಲ್ಲಿ ಬಾಲದಿಂದ ಶುರು ಮಾಡಿದೆ. ತಲೆಯಿಂದ ಹೇಳುತ್ತೇನೆ.

ನಾನು ಆಗಷ್ಟೇ ಮೇಷ್ಟ್ರಾಗಿದ್ದೆ. ಸಿದ್ದಾಪುರ ತಾಲೂಕಿನ ಒಂದು ಹಳ್ಳಿಯ ಶಾಲೆ. ಅಕ್ಕನನ್ನು ಕೊಟ್ಟದ್ದು ಅಲ್ಲೇ ಹತ್ತಿರದ ಕೋಲಸಿರ್ಸಿಗೆ, ಹಾಗಾಗಿ ನನ್ನ ಊಟ, ವಸತಿ ಎಲ್ಲ ಅಕ್ಕನ ಮನೆಯಲ್ಲೇ. ಅಕ್ಕನ ಗಂಡ ಸುಬ್ರಾಯ ಭಾವ ಆ ಸುತ್ತಿನಲ್ಲಿ ಹೆಸರು ಮಾಡಿದ ಅರ್ಥಧಾರಿ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ, ಕುಳಿತಲ್ಲೇ ಮಾತು. ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿ ಅದಕ್ಕೆ ಅರ್ಥ ಹೇಳುತ್ತಾನೆ. ಭಾವನ ಅರ್ಥ ಒಂದು ಸಲ ಹೊರಟರೆ ಊರು ಸುತ್ತಿ ಬರುತ್ತಿತ್ತು. ಮಾತು ಏರಿದಾಗ ಕಣ್ಣು ಮುಚ್ಚಿಕೊಂಡು ಬಲಗೈ ಎತ್ತುವುದು ಅವರ ಅಭ್ಯಾಸ. ಕೈ ಎತ್ತಿದರೆಂದರೆ 'ಇನ್ನೂ ಇದೆ, ತಡೆ' ಎಂದರ್ಥ. ಆ ಕೈ ಇಳಿಯುವವರೆಗೆ ಎಂಥ ಭಾಗವತರೂ ತಾಳ ಮುಟ್ಟುತ್ತಿರಲಿಲ್ಲ.

ಆ ವರ್ಷ ಇಲಾಖೆಯಿಂದ ಶಾಲೆಗಳಿಗೆ ಸಿನಿಮಾ ಯಂತ್ರ ಕಳಿಸಿದ್ದರು. ಒಂದೊಂದು ಶಾಲೆಯಲ್ಲಿ ಒಂದು ದಿನ, ಮರುದಿನ ಜೀಪು ಬಂದು ಮುಂದಿನ ಊರಿಗೆ ಒಯ್ಯುವುದು. ಹೊಸಬ ಎಂಬ ಕಾರಣಕ್ಕೆ ಅದನ್ನು ಓಡಿಸುವ ಎರಡು ದಿನದ ತರಬೇತಿಗೆ ನನ್ನನ್ನೇ ಅಟ್ಟಿದ್ದರು. ಅಲ್ಲಿ ಕಲಿತದ್ದರಲ್ಲಿ ಮುಖ್ಯವಾದದ್ದು ಒಂದೇ: ದೀಪ ಉರಿಯುತ್ತಿರುವಾಗ ರೀಲು ನಿಲ್ಲಿಸಬಾರದು. ನಿಲ್ಲಿಸಿದರೆ ಸುಡುತ್ತದೆ. ಇದನ್ನು ಕಲಿಸುವವರು ಮೂರು ಸಲ ಹೇಳಿದ್ದರು. ನಾನು ಮೂರು ಸಲವೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೆ.

ಹಗಲು ಹನ್ನೊಂದು ಗಂಟೆಗೆ ಸಿನಿಮಾ. ಕತ್ತಲೆ ಮಾಡುವುದಕ್ಕೆ ಊರಿನ ಮನೆಮನೆಯ ಕಂಬಳಿ ತಂದು ಶಾಲೆಯ ಕಿಟಕಿಗಳಿಗೆ ಕಟ್ಟಿದೆವು. ಮಕ್ಕಳಿಗಿಂತ ದೊಡ್ಡವರೇ ಹೆಚ್ಚು ಬಂದಿದ್ದರು. ಮೂರು ಚಿತ್ರಗಳು. ಒಂದು ಕೈ ತೊಳೆಯುವುದರ ಬಗ್ಗೆ. ಒಂದು ಕೋಳಿ ಸಾಕಣೆಯ ಬಗ್ಗೆ. ಅದನ್ನು ನಮ್ಮ ಭಟ್ಟರು, ಹೆಗಡೆಯವರು ಬಹಳ ಗಂಭೀರವಾಗಿ ಕುಳಿತು ನೋಡಿದರು. ಮೂರನೆಯದು ಕಾರ್ಟೂನು. ಯಾವ ದೇಶದವರು, ಯಾವಾಗ ಮಾಡಿದ್ದೋ ಆಗ ಗೊತ್ತಿರಲಿಲ್ಲ. ಚಿತ್ರಗಳನ್ನು ಒಂದೊಂದಾಗಿ ಕೈಯಲ್ಲೇ ಬರೆದು ಓಡಿಸುತ್ತಿದ್ದ ಕಾಲದ್ದು. ಏಳು ನಿಮಿಷ.

ಹೇಳಲು ಮರೆತೆ, ಯಂತ್ರದಲ್ಲಿ ಚಿತ್ರ ಬರುತ್ತಿತ್ತು, ಸದ್ದು ಬರುತ್ತಿರಲಿಲ್ಲ. ಸದ್ದಿಗೆಂದೇ ಒಂದು ಪುಟ್ಟ ಬಲ್ಬು ಇರುತ್ತದೆ, ಅದು ಸುಟ್ಟುಹೋಗಿತ್ತು. ಮೊದಲಿನ ಎರಡು ಚಿತ್ರಗಳನ್ನು ಜನ ಮೂಕರಂತೆ ಸಹಿಸಿಕೊಂಡರು. ಮೂರನೆಯದು ಶುರುವಾಗಿ ಅರ್ಧ ನಿಮಿಷವೂ ಆಗಿರಲಿಲ್ಲ, ಮುಂದೆ ಕುಳಿತಿದ್ದ ಸುಬ್ರಾಯ ಭಾವ ಗಂಟಲು ಸರಿಮಾಡಿಕೊಂಡರು.

ಚಿತ್ರ ಇಷ್ಟೇ. ಟೋಪಿ ಹಾಕಿದ ಒಂದು ಕೊಕ್ಕರೆ. ಅದು ಅಂಚೆಯವ. ಹಿಮ ಬಿದ್ದ ಗುಡ್ಡದ ಮೇಲೆ ಒಂದು ಮರದ ಮನೆ, ಒಳಗೆ ಕರಡಿ ಚಳಿಗಾಲದ ನಿದ್ದೆ ಮಾಡುತ್ತಿದೆ. ಕೊಕ್ಕರೆ ಒಂದು ಪಾರ್ಸೆಲ್ಲನ್ನು ಕರಡಿಯ ಕೈಗೇ ಕೊಟ್ಟು ಸಹಿ ಹಾಕಿಸಿಕೊಳ್ಳಬೇಕು. ಅದಕ್ಕೆ ಕರಡಿ ಏಳಬೇಕು. ಕರಡಿ ಏಳುವುದಿಲ್ಲ.

ಕೊಕ್ಕರೆ ಮೊದಲು ಟೋಪಿ ಸರಿಮಾಡಿಕೊಂಡು ಮೆಲ್ಲಗೆ ಬಾಗಿಲು ತಟ್ಟುತ್ತದೆ. ಭಾವ ಎದೆ ಸೆಟೆಸಿ ಶುರು ಮಾಡಿದರು: "ಭೋ ಭಲ್ಲೂಕ ಮಹಾಶಯಾ! ಕೊಕ್ಕರೆಯ ಕುಲದಲ್ಲಿ ಜನಿಸಿ, ಅಂಚೆಯ ಧರ್ಮವನ್ನು ಹೆಗಲಿಗೇರಿಸಿಕೊಂಡು, ಗಿರಿಶಿಖರಗಳನ್ನು ದಾಟಿ ನಿನ್ನ ದ್ವಾರಕ್ಕೆ ಬಂದವನಿದ್ದೇನೆ. ತೆರೆಯುವಂಥವನಾಗು!"

ಪರದೆಯ ಮೇಲೆ ಕರಡಿ ನಿದ್ದೆಗಣ್ಣಿನಲ್ಲೇ ಮಗ್ಗುಲು ಬದಲಿಸಿತು. ಭಾವ ದನಿ ಬದಲಿಸಿ, ನಮ್ಮ ಮನೆಮಾತಿನಲ್ಲಿ, ಹಾಸಿಗೆಯಿಂದ ಬಂದ ದನಿಯಲ್ಲಿ ಹೇಳಿದರು: "ಯಾರಾ ಅದು? ಆನಿಲ್ಲೆ!"

ಶಾಲೆ ಬಿದ್ದುಹೋಗುವಂತೆ ಜನ ನಕ್ಕರು. 'ನಾನು ಮನೆಯಲ್ಲಿಲ್ಲ' ಎಂದು ಮನೆಯೊಳಗಿಂದಲೇ ಕೂಗುವ ಕರಡಿ. ನಮ್ಮ ಸೀಮೆಯಲ್ಲಿ ಅಂಥವರು ಮನೆಗೊಬ್ಬರಿದ್ದಾರೆ.

ಮುಂದೆ ಕೊಕ್ಕರೆ ಕೊಡೆಯಿಂದ ತಟ್ಟುತ್ತದೆ. ಒನಕೆಯಂಥ ಮರದ ತುಂಡು ತಂದು ಗುದ್ದುತ್ತದೆ. ಬೆಟ್ಟದ ಮೇಲಿಂದ ಬಂಡೆ ಉರುಳಿಸುತ್ತದೆ. ಪ್ರತಿ ಸಲವೂ ಟೋಪಿ ಸರಿಮಾಡಿಕೊಳ್ಳುವುದು ತಪ್ಪುವುದಿಲ್ಲ. ಪ್ರತಿ ಸಲವೂ ಮನೆಯ ಒಂದೊಂದು ಗೋಡೆ ಬೀಳುತ್ತದೆ, ಸೂರು ಹಾರಿಹೋಗುತ್ತದೆ, ಕರಡಿ ಮಾತ್ರ ಕಂಬಳಿಯನ್ನು ಸ್ವಲ್ಪ ಮೇಲೆ ಎಳೆದುಕೊಳ್ಳುತ್ತದೆ. "ಆನಿಲ್ಲೆ!" ಕೊನೆಗೆ ಮನೆಯೇ ಇಲ್ಲ. ಬಟಾಬಯಲಿನಲ್ಲಿ ಒಂದು ಬಾಗಿಲು ಮಾತ್ರ ಚೌಕಟ್ಟಿನೊಂದಿಗೆ ನಿಂತಿದೆ, ಅದರಾಚೆ ಮಂಚದ ಮೇಲೆ ಕರಡಿ. ನಾಲ್ಕು ಹೆಜ್ಜೆ ಸುತ್ತಿ ಹೋದರೆ ಕರಡಿಯ ಕಾಲು ಹಿಡಿದು ಅಲ್ಲಾಡಿಸಬಹುದು. ಕೊಕ್ಕರೆ ಸುತ್ತಿ ಹೋಗುವುದಿಲ್ಲ. ಟೋಪಿ ಸರಿಮಾಡಿಕೊಂಡು ಮತ್ತೆ ಬಾಗಿಲನ್ನೇ ತಟ್ಟುತ್ತದೆ.

ಇಲ್ಲಿ ನಾನು ಸ್ವಲ್ಪ ಕೂಗಾಡಬೇಕು, ದಯವಿಟ್ಟು ಸಹಿಸಿಕೊಳ್ಳಿ. ಇದನ್ನು 'ಮಕ್ಕಳ ಕಾರ್ಟೂನು' ಎನ್ನುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಗೋಡೆ ಇಲ್ಲದ ಮನೆಯ ಬಾಗಿಲನ್ನು ತಟ್ಟುವ ಆ ಒಂದು ಕ್ಷಣವನ್ನು ಬರೆದವನು ಮನುಷ್ಯರನ್ನು ಎಷ್ಟು ನೋಡಿರಬೇಕು! ನಾನು ಮೂವತ್ತೈದು ವರ್ಷ ಸರ್ಕಾರಿ ನೌಕರಿ ಮಾಡಿದ್ದೇನೆ, ನನಗೆ ಗೊತ್ತು, ಆ ಕೊಕ್ಕರೆ ನಾನೇ. ಇನ್ನು ಆ ಟೋಪಿ. ತಟ್ಟುವ ಮೊದಲು ಎಷ್ಟು ಹೊತ್ತು ಸುಮ್ಮನೆ ನಿಲ್ಲಬೇಕು, ಟೋಪಿಗೆ ಕೈ ಯಾವಾಗ ಹೋಗಬೇಕು, ಒಂದು ರೆಪ್ಪೆ ಬಡಿಯುವಷ್ಟು ಹೆಚ್ಚುಕಡಿಮೆಯಾದರೂ ನಗು ಸತ್ತುಹೋಗುತ್ತದೆ. ಇದನ್ನು ಈಗಿನವರು ವೇಗ ಎರಡು ಪಟ್ಟು ಮಾಡಿಕೊಂಡು ನೋಡುತ್ತಾರೆ. ಇಡೀ ಸಿನಿಮಾದ ಕಥೆಯನ್ನು ಮೂರು ನಿಮಿಷದಲ್ಲಿ ಹೇಳಿ ಮುಗಿಸುವ ಶೂರರು ಬೇರೆ ಹುಟ್ಟಿಕೊಂಡಿದ್ದಾರೆ. ಎಲೆಯ ಮುಂದೆ ಕುಳಿತವನಿಗೆ ಬಡಿಸುವ ಬದಲು, ಇಂದು ಕೊನೆಯಲ್ಲಿ ಹೋಳಿಗೆ ಇತ್ತು ಎಂದು ಹೇಳಿ ಕೈ ತೊಳೆಸಿ ಕಳಿಸಿದಂತೆ! ಸಾಕು, ಮುಂದಕ್ಕೆ ಹೋಗುತ್ತೇನೆ.

ಬಂಡೆ ಬಿದ್ದರೂ ಏಳದ ಕರಡಿ ಕೊಕ್ಕರೆಯ ಒಂದು ಪುಕ್ಕ ಹಾರಿಬಂದು ಮೂಗಿಗೆ ತಾಗಿದ್ದಕ್ಕೆ ಸೀನಿ ಏಳುತ್ತದೆ. ಬಟಾಬಯಲಿನಲ್ಲಿ ಬೀಗದ ಕೈ ಹುಡುಕಿ, ಶಿಸ್ತಾಗಿ ಬೀಗ ತೆಗೆದು, ಬಾಗಿಲು ತೆರೆದು, ಸಹಿ ಹಾಕಿ ಪಾರ್ಸೆಲ್ಲು ತೆಗೆದುಕೊಳ್ಳುತ್ತದೆ. ದಾರಕ್ಕೆ ಉಗುರು ಹಾಕುತ್ತದೆ.

ಅಲ್ಲಿ ಭಾವನಿಗೆ ಏರಿತು. ಅಲ್ಲಿಯವರೆಗೆ ಬರೀ 'ಆನಿಲ್ಲೆ' ಎನ್ನುತ್ತಿದ್ದ ಕರಡಿಗೆ ಒಮ್ಮೆಲೇ ಮಾತು ಬಂತು, ತನಗೆ ಈ ಲೋಕದಲ್ಲಿ ಯಾರೂ ಇಲ್ಲ ಎಂಬ ಮಾತು. "ಎಂಗೆ ಪಾರ್ಸೆಲ್ಲನ? ಎಂಗೆ ಗಂಟು ಕಳ್ಸವು ಈ ಲೋಕದಲ್ಲಿ ಯಾರಿದ್ದ? ಅಪ್ಪಯ್ಯ ಇಲ್ಲೆ, ಆಯಿ ಇಲ್ಲೆ. ಆರು ತಿಂಗ್ಳು ಮಲಗಿ ಎದ್ರೆ 'ಎದ್ಯನಾ' ಹೇಳಿ ಕೇಳವು ಒಬ್ರಿಲ್ಲೆ..." ಹಿಂದೆ ನಿಂತು ನಗುತ್ತಿದ್ದ ಹೆಂಗಸರಲ್ಲಿ ಯಾರೋ ಮೂಗು ಒರೆಸಿಕೊಂಡರು. ಭಾವ ಕಣ್ಣು ಮುಚ್ಚಿದರು. ಬಲಗೈ ಎತ್ತಿದರು.

ನಾನು ರೀಲು ನಿಲ್ಲಿಸಿದೆ.

ಯಾಕೆ ಎಂದು ಕೇಳಬೇಡಿ. ಬೇರೆ ಊರಿನವನಾಗಿದ್ದರೆ ನಿಲ್ಲಿಸುತ್ತಿರಲಿಲ್ಲ. ನಾನು ಬುದ್ಧಿ ಬಂದಾಗಿನಿಂದ ತಾಳಮದ್ದಳೆ ಕೇಳಿ ಬೆಳೆದವನು. ಅರ್ಥಧಾರಿ ಕೈ ಎತ್ತಿದರೆ ಭಾಗವತ ತಡೆಯಬೇಕು, ಅಷ್ಟೇ. ನೋಟ್‌ಬುಕ್ಕಿನಲ್ಲಿ ಮೂರು ಸಲ ಬರೆದುಕೊಂಡದ್ದು ತಲೆಗೆ ಬರಲೇ ಇಲ್ಲ, ಕೈ ತಾನಾಗಿಯೇ ಲಿವರ್ ಎಳೆಯಿತು. ಕರಡಿಯ ಉಗುರಿನ ಹತ್ತಿರ ಮೊದಲು ಒಂದು ಕಂದು ಚುಕ್ಕೆ ಕಾಣಿಸಿತು. ಅದು ಗುಳ್ಳೆ ಎದ್ದು, ಅಗಲವಾಗಿ, ಪಾರ್ಸೆಲ್ಲು, ಕರಡಿ, ಕೊಕ್ಕರೆ ಎಲ್ಲವನ್ನೂ ತಿಂದುಹಾಕಿತು. ಪರದೆಯ ಮೇಲೆ ಬರೀ ಬಿಳಿ ಬೆಳಕು, ಯಂತ್ರದಿಂದ ಹೊಗೆ. ಭಾವ ಮಾತು ಮುಗಿಸಿ ಕಣ್ಣು ತೆರೆಯುವಷ್ಟರಲ್ಲಿ ಎಲ್ಲ ಮುಗಿದಿತ್ತು.

"ಎಂತಾತಾ?" ಎಂದು ಕೇಳಿದರು.

"ಹಳೇ ರೀಲು ಭಾವ, ಸಿಕ್ಕಿಹಾಕಿಕಂಡು ಸುಟ್ಟೋತು" ಎಂದೆ.

ಆ ಸುಳ್ಳಿಗೆ ಮೊದಲ ಕಾರಣ ಮೆಮೊ ಬರುತ್ತದೆ ಎಂಬ ಹೆದರಿಕೆ. ಸುಟ್ಟಿದ್ದು ಎರಡು ಬೆರಳು ಅಗಲದ ರೀಲು ಮಾತ್ರ. ಉಳಿದದ್ದು, ಪಾರ್ಸೆಲ್ಲಿನಲ್ಲಿ ಇದ್ದದ್ದೂ ಸೇರಿ, ಚಕ್ರದಲ್ಲಿ ಸುತ್ತಿಕೊಂಡು ಹಾಗೇ ಇತ್ತು. ಅಂಟಿಸಿ ಓಡಿಸಬಹುದಿತ್ತು. ಓಡಿಸಲು ಬಾರದಿದ್ದರೆ ಕಂಬಳಿ ಸರಿಸಿ ಬಿಸಿಲಿಗೆ ಹಿಡಿದಿದ್ದರೂ ಕಾಣುತ್ತಿತ್ತು. ನಾನು ಹೇಡಿ. ಎಲ್ಲ ಸುತ್ತಿ ಡಬ್ಬಿಗೆ ಹಾಕಿ ಮುಚ್ಚಳ ಬಡಿದೆ. ಮರುದಿನ ಜೀಪು ಬಂದು ಒಯ್ದಿತು. ಮೆಮೊ ಬರಲಿಲ್ಲ. ಸುಳ್ಳು ಮಾತ್ರ ನನ್ನ ಹತ್ತಿರವೇ ಉಳಿಯಿತು.

ಆದರೆ ಊರು ಮರೆಯಲಿಲ್ಲ. ಹೋದಲ್ಲೆಲ್ಲ ಜನ ಭಾವನನ್ನು ಕೇಳುತ್ತಿದ್ದರು: "ಸುಬ್ರಾಯಣ್ಣ, ಆ ಪಾರ್ಸೆಲ್ಲಲ್ಲಿ ಎಂತ ಇದ್ದಿತ್ತು?" ಅರ್ಥಧಾರಿಗೆ ಉತ್ತರ ಇಲ್ಲದಿದ್ದರೆ ಹೇಗೆ? ಮದುವೆಮನೆಯಲ್ಲಿ ಕೇಳಿದರೆ, ಕರಡಿಗೆ ಬಂದ ಹೆಣ್ಣಿನ ಜಾತಕ ಎನ್ನುತ್ತಿದ್ದರು. ಆಲೆಮನೆಯಲ್ಲಿ ಕೇಳಿದರೆ ಜೋನಿ ಬೆಲ್ಲ. ಪಂಚಾಯಿತಿಯವರು ಕೇಳಿದರೆ, ಮನೆಗೆ ಗೋಡೆ ಇಲ್ಲ ಎಂದು ಬಂದ ನೋಟೀಸು. ಪ್ರತಿ ಸಲವೂ ಜನ ನಗುತ್ತಿದ್ದರು. ಗದ್ದೆಯ ಬದುವಿನ ಮೇಲೆ ನಾವಿಬ್ಬರೇ ನಡೆದು ಬರುವಾಗ ಮಾತ್ರ ಭಾವ ಒಮ್ಮೆ ಹೇಳಿದ್ದರು: "ಆನು ಎಲ್ಲ ಸುಳ್ಳೇ ಹೇಳ್ತಿದ್ದಿ ತಮಾ. ನಿಜವಾಗಿ ಎಂತ ಇದ್ದಿತ್ತು ಹೇಳಿ ಒಂದ್ಸಲ ನೋಡವು ಇತ್ತು." ನಾನು ಅವರ ಹಿಂದೆ ನಡೆದೆ. ಅಷ್ಟು ಹೊತ್ತಿಗೆ ನಿಜ ಹೇಳುವುದು ಇನ್ನೂ ಕಷ್ಟವಾಗಿತ್ತು. 'ಸುಡಿಸಿದ್ದು ನಿಮ್ಮ ಕೈ' ಎಂದು ಆ ಮನುಷ್ಯನಿಗೆ ಹೇಗೆ ಹೇಳುವುದು?

ವರ್ಷಗಳು ಹೋದವು. ಭಾವನಿಗೆ ಈಗ ಎಂಬತ್ತೆರಡು. ಉಬ್ಬಸ. ತಾಳಮದ್ದಳೆ ಬಿಟ್ಟು ಬಹಳ ಕಾಲವಾಯಿತು. ಕಳೆದ ದೀಪಾವಳಿಗೆ ಹೋದಾಗ, ಎರಡು ಉಸಿರಿನ ನಡುವೆ, ಮತ್ತೆ ಅದೇ ಕೇಳಿದರು. "ನಿನ್ನ ಮೊಬೈಲಲ್ಲಿ ಎಲ್ಲ ಸಿಗ್ತಡ. ಆ ಕರಡಿ ಸಿಕ್ತಿಲ್ಯ?"

ಅಲ್ಲಿಂದ ಬಂದವನೇ ಹುಡುಕಲು ಕುಳಿತೆ. ಚಿತ್ರದ ಹೆಸರು ಗೊತ್ತಿಲ್ಲ, ಮಾಡಿದವರು ಗೊತ್ತಿಲ್ಲ. ನನ್ನ ಮುರುಕು ಇಂಗ್ಲಿಷಿನಲ್ಲಿ ಕರಡಿ, ಕೊಕ್ಕರೆ, ಬಾಗಿಲು ಎಂದು ಬರೆದರೆ ಯಾವುದೋ ಬಾಗಿಲು ಮಾಡುವ ಅಂಗಡಿ ಬರುತ್ತಿತ್ತು. ಎರಡು ತಿಂಗಳು. ಹೆಂಡತಿ ನನ್ನ ತಲೆ ಕೆಟ್ಟಿದೆ ಎಂದೇ ತೀರ್ಮಾನಿಸಿದ್ದಳು. ಒಂದು ದಿನ ಮಧ್ಯಾಹ್ನ, ಹಳೆಯ ಕಾರ್ಟೂನುಗಳ ಒಂದು ಕಂತೆಯೊಳಗೆ, ಆ ಟೋಪಿ ಕಂಡಿತು. ಕುರ್ಚಿಯಿಂದ ಎದ್ದು ನಿಂತುಬಿಟ್ಟೆ. ಪೂರ್ತಿ ಏಳು ನಿಮಿಷ ನಿಂತೇ ನೋಡಿದೆ. ಪಾರ್ಸೆಲ್ಲು ಬಿಚ್ಚಿಕೊಂಡಿತು. ಒಳಗಿದ್ದದ್ದನ್ನು ನೋಡಿ ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ನಿಮಗೆ ಈಗ ಹೇಳುವುದಿಲ್ಲ. ಬಿಚ್ಚುವಾಗ ನೀವೂ ಅಲ್ಲಿರಿ.

ಹೆಂಡತಿಗೂ ಹೇಳಲಿಲ್ಲ. ಭಾವನಿಗೆ ಫೋನ್ ಮಾಡಿ, "ಕರಡಿ ಸಿಕ್ಕಿದ್ದು. ಭಾನುವಾರ ತಗಂಡು ಬತ್ತಿ. ಅಕ್ಕಂಗೆ ಕಂಬಳಿ ತೆಗೆದಿಡವು ಹೇಳಿ" ಎಂದಷ್ಟೇ ಹೇಳಿದೆ. ಆ ಕಡೆಯಿಂದ ಭಾವ "ಹೌದನ? ಬಾ, ಬಾ" ಎಂದರು. ದನಿ ಚಿಕ್ಕ ಹುಡುಗನದ್ದು. ಗೋಡೆಯ ಮೇಲೆ ದೊಡ್ಡದಾಗಿ ತೋರಿಸಬೇಕು ಎಂದು ಆಸೆ. ಪುಟ್ಟ ಪ್ರೊಜೆಕ್ಟರು ರವೀಶನ ಹತ್ತಿರ ಇತ್ತು. ಮಗಳಿಗೆ ಹೇಳಿ ಚಿತ್ರವನ್ನು ಅವನಿಗೆ ಕಳಿಸಿ, ಭಾನುವಾರ ಯಂತ್ರ ತಾ ಎಂದೆ. ನನ್ನ ತಪ್ಪು ಅಲ್ಲೇ.

ಶುಕ್ರವಾರ ಭಾವನ ಫೋನು. "ತಮಾ, ರವೀಶ ಮೆಣಸಿನ ಬಳ್ಳಿ ಕೇಳಲೆ ಫೋನ್ ಮಾಡಿದ್ದ. ಪಾರ್ಸೆಲ್ಲಲ್ಲಿ ಇದ್ದಿದ್ದು ಎಂತ ಹೇಳಿ ಹೇಳ್ದ." ಇಂಥದ್ದಂತೆ ಎಂದು ಹೇಳಿದರು. ಆಮೇಲೆ, "ಅಷ್ಟೇಯಾ?" ಎಂದರು. ನಾನು ಉತ್ತರ ಕೊಡುವ ಮೊದಲೇ, "ಗೊತ್ತಾತಲ, ಇನ್ನೆಂತಕ್ಕೆ? ನೀ ಬರದು ಬ್ಯಾಡ, ಸುಮ್ನೆ ತ್ರಾಸು" ಎಂದು ಫೋನಿಟ್ಟರು.

ಆ 'ಅಷ್ಟೇಯಾ' ಎಂಬ ಮಾತು ನನ್ನನ್ನು ಸುಟ್ಟುಹಾಕಿತು. ನಲವತ್ತು ವರ್ಷ ತಲೆಯಲ್ಲಿ ಹೊತ್ತುಕೊಂಡ ಗಂಟು, ಬಿಚ್ಚಿದರೆ ಅಷ್ಟೇಯಾ! ಅಷ್ಟೇ ಅಲ್ಲ ಭಾವ, ಅದು ಹೇಳುವ ವಸ್ತುವಲ್ಲ, ಆರೂವರೆ ನಿಮಿಷ ಬಾಗಿಲು ತಟ್ಟಿದ ಮೇಲೆ ನೋಡುವ ವಸ್ತು ಎಂದು ಯಾರಿಗೆ ಹೇಳಲಿ? ಶನಿವಾರ ಇಡೀ ದಿನ ಮನೆಯಲ್ಲಿ ಪಾತ್ರೆ ಕುಕ್ಕಿಕೊಂಡು ತಿರುಗಾಡಿದೆ. "ಎನ್ನ ಪಾತ್ರೆ ಎಂತ ಮಾಡಿದ್ದು ನಿಂಗಕ್ಕೆ?" ಎಂದು ಹೆಂಡತಿ ಕೇಳಿದ್ದಕ್ಕೂ ಸಿಟ್ಟು ಬಂತು.

ಭಾನುವಾರ ಬೆಳಿಗ್ಗೆ ರವೀಶ ಕಾರು ತಂದ. ಬೇಡ ಎಂದು ಭಾವ ಹೇಳಿದ್ದರೂ ಹೊರಟೆ, ಹಟಕ್ಕೆ. ಶಿರಸಿಯ ಪೇಟೆ ದಾಟುವವರೆಗೆ ಬಾಯಿ ಬಿಗಿಹಿಡಿದು ಕುಳಿತಿದ್ದೆ.

"ಮಾವ, ಎಂತಕ್ಕೆ ಸುಮ್ನೆ ಕೂತ್ಗಂಡಿದ್ರಿ?"

"ಎಂತಿಲ್ಲೆ."

"ಸುಬ್ರಾಯ ಮಾವಂಗೆ ಹೇಳಿದ್ದು ತಪ್ಪಾತ? ಅವು ಇಷ್ಟು ವರ್ಷದಿಂದ ಕೇಳ್ತಿದ್ದ ಹೇಳಿ ಖುಷಿಲಿ ಹೇಳ್ಬುಟಿ."

"ನೀನು ಪೂರ್ತಿ ನೋಡಿದ್ಯನಾ ಅದನ್ನ?"

"ಕೊನೆ ಅರ್ಧ ನಿಮಿಷ ನೋಡ್ದಿ. ಕಥೆ ಗೊತ್ತಾತಲ."

ಕೊನೆಯ ಅರ್ಧ ನಿಮಿಷ! ಕಾರಿನಿಂದ ಇಳಿದು ಶಿರಸಿಗೆ ನಡೆದು ವಾಪಸು ಹೋಗಿಬಿಡೋಣ ಎನ್ನಿಸಿತು. ಪ್ರೊಜೆಕ್ಟರು ಅವನದು, ಕಾರು ಅವನದು, ಮಗಳು ಈಗ ಅವನ ಮನೆಯವಳು. "ಮುಂದೆ ಹಂಪು ಇದ್ದು, ಸಾವಕಾಶ" ಎಂದೆ.

ಅಕ್ಕ ಬೇಡ ಎಂಬ ಮಾತನ್ನು ಕಿವಿಗೆ ಹಾಕಿಕೊಂಡಿರಲಿಲ್ಲ. ಕಿಟಕಿಗಳಿಗೆ ಆಗಲೇ ಕಂಬಳಿ ಕಟ್ಟಿ, ಸುಣ್ಣದ ಗೋಡೆಯ ಮೇಲಿನ ಕ್ಯಾಲೆಂಡರು ತೆಗೆದಿಟ್ಟಿದ್ದಳು. "ಎರಡು ದಿನದಿಂದ ಮುಖ ಊದಿಸ್ಕಂಡು ಕೂತ್ಗಂಡಿದ್ದ, ನೋಡು" ಎಂದು ಭಾವನ ಕಡೆ ಕೈ ತೋರಿಸಿದಳು. ಭಾವ ಮೂಲೆಯ ಕುರ್ಚಿಯಲ್ಲಿದ್ದರು. "ಬ್ಯಾಡ ಹೇಳಿದ್ನಲ" ಎಂದರಷ್ಟೇ. ನಮ್ಮನ್ನು ನೋಡಲಿಲ್ಲ.

ಚಿತ್ರ ಶುರುವಾಯಿತು. ಈ ಸಲ ಸದ್ದೂ ಇತ್ತು. ಕೊಕ್ಕರೆಯ ಒಂದೊಂದು ಹೆಜ್ಜೆಗೂ ಪಿಟೀಲು, ಕಹಳೆ, ತಮಟೆಗಳ ಗುಂಪೇ ಜೊತೆಗೆ ನಡೆಯುತ್ತಿತ್ತು. ಎಂಥ ಕೆಲಸ ಅದು, ನಾನು ಸಿಟ್ಟನ್ನೂ ಮರೆತು ಕೇಳುತ್ತಿದ್ದೆ. ಅರ್ಧ ನಿಮಿಷ ಹೋಯಿತು. ಕೊಕ್ಕರೆ ಟೋಪಿಗೆ ಕೈ ಹಾಕಿತು.

"ಆ ಗಲಾಟೆ ಬಂದ್ ಮಾಡು" ಎಂದರು ಭಾವ.

ರವೀಶ ಸದ್ದು ನಿಲ್ಲಿಸಿದ. ಕುರ್ಚಿ ಕಿರುಗುಟ್ಟಿತು. ಭಾವ ಬೆನ್ನು ನೆಟ್ಟಗೆ ಮಾಡಿದ್ದರು. "ಭೋ ಭಲ್ಲೂಕ ಮಹಾಶಯಾ..." ಹಳೆಯ ದನಿಯ ಅರ್ಧವೂ ಇರಲಿಲ್ಲ. ಎರಡು ಶಬ್ದಕ್ಕೊಮ್ಮೆ ಉಸಿರು. ಆದರೂ ಕರಡಿ ಮಗ್ಗುಲು ಬದಲಿಸಿದ ಸರಿಯಾದ ಕ್ಷಣಕ್ಕೆ, ಒಂದು ರೆಪ್ಪೆ ಆಚೀಚೆಯಾಗದಂತೆ, ಬಂತು: "ಆನಿಲ್ಲೆ!" ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡಳು. ಕೊಡೆ ಬಂತು, ಮರದ ತುಂಡು ಬಂತು, ಬಂಡೆ ಬಂತು. ರವೀಶ ಮೊಬೈಲನ್ನು ಕಿಸೆಗೆ ಹಾಕಿದ. ಬಯಲಿನಲ್ಲಿ ನಿಂತ ಬಾಗಿಲನ್ನು ಕೊಕ್ಕರೆ ತಟ್ಟಿದಾಗ ಅವನು ಮುಂದಕ್ಕೆ ಬಾಗಿ ಕುಳಿತಿದ್ದ.

ಕರಡಿ ಸಹಿ ಹಾಕಿ ಪಾರ್ಸೆಲ್ಲು ತೆಗೆದುಕೊಂಡಿತು. ಉಗುರು ದಾರಕ್ಕೆ ಹೋಯಿತು. "ಎಂಗೆ ಪಾರ್ಸೆಲ್ಲನ?" ಎಂದರು ಭಾವ. "ಎಂಗೆ ಗಂಟು ಕಳ್ಸವು... ಈ ಲೋಕದಲ್ಲಿ ಯಾರಿದ್ದ?" ಕಣ್ಣು ಮುಚ್ಚಿದರು. ಬಲಗೈ ಮೇಲೆದ್ದಿತು.

ನಾನು ನಿಲ್ಲಿಸಿದೆ. ಈಗಿನ ಯಂತ್ರ ಬೇರೆ, ಗುಂಡಿ ಒತ್ತಿದರೆ ನಿಲ್ಲುತ್ತದೆ, ಏನೂ ಸುಡುವುದಿಲ್ಲ. ಗೋಡೆಯ ಮೇಲೆ ಕರಡಿಯ ಉಗುರು ದಾರದ ಮೇಲೆ ಹಾಗೇ ನಿಂತಿತು. ಭಾವ ನಿಧಾನವಾಗಿ, ಉಸಿರು ಕೂಡಿಸಿ ಕೂಡಿಸಿ, ಅಪ್ಪಯ್ಯನನ್ನೂ ಆಯಿಯನ್ನೂ ಹೇಳಿ ಮುಗಿಸಿದರು. ಕಣ್ಣು ತೆರೆದರು. ನಿಂತ ಚಿತ್ರವನ್ನು ನೋಡಿದರು. ಆಮೇಲೆ ನನ್ನನ್ನು.

"ಎಂತಕ್ಕೆ ನಿಲ್ಸಿದೆ?"

"ನಿಂಗ ಕೈ ಎತ್ತಿದ್ರಲಿ ಭಾವ."

ಭಾವ ತಮ್ಮ ಬಲಗೈ ನೋಡಿಕೊಂಡರು. ಅದು ಇನ್ನೂ ಅರ್ಧ ಮೇಲೆಯೇ ಇತ್ತು.

"ಅವತ್ತೂವಾ?"

ಸುಳ್ಳು ಹೇಳಬಹುದಿತ್ತು. ನಲವತ್ತು ವರ್ಷ ಅಭ್ಯಾಸವಾದ ಸುಳ್ಳು, ನಾಲಿಗೆಯ ತುದಿಯಲ್ಲೇ ಇತ್ತು.

"ಅವತ್ತೂ" ಎಂದೆ. "ರೀಲು ಸರಿಯಾಗೇ ಇತ್ತು ಭಾವ. ಆನೇ ನಿಲ್ಸಿದ್ದು. ನಿಂಗಳ ಕೈ ನೋಡಿ ನಿಲ್ಸಿದ್ದು."

ಭಾವ ಗೋಡೆಯ ಕಡೆ ತಿರುಗಿ, "ಬಿಡು, ಓಡ್ಲಿ" ಎಂದರು.

ದಾರ ಬಿಚ್ಚಿತು. ಕಾಗದ ಬಿಚ್ಚಿತು. ಕರಡಿ ಒಳಗಿನಿಂದ ಅದನ್ನು ಎತ್ತಿ ಬೆಳಕಿಗೆ ಹಿಡಿಯಿತು. ಬಾಗಿಲಿಗೆ ಹಾಕುವ ಕರೆಗಂಟೆ! ಮೊದಲೇ ಇದ್ದಿದ್ದರೆ ಒಂದು ಬೆರಳು ಸಾಕಾಗಿತ್ತು. ಕರಡಿ ಅದನ್ನು ಒಂಟಿ ಚೌಕಟ್ಟಿಗೆ ಸಡಗರದಿಂದ ಬಿಗಿದು, ಬಾಗಿಲು ಮುಚ್ಚಿ, ಬೀಗ ಹಾಕಿ, ಹೋಗಿ ಮಲಗಿ ಗೊರಕೆ ಹೊಡೆಯತೊಡಗಿತು. ಕೊಕ್ಕರೆ ಗಂಟೆಯನ್ನು ನೋಡಿತು. ಬಿದ್ದ ಗೋಡೆಗಳನ್ನು ನೋಡಿತು. ನಮ್ಮನ್ನು ನೋಡಿತು. ಟೋಪಿ ಸರಿಮಾಡಿಕೊಂಡು, ರೆಕ್ಕೆಯ ತುದಿಯಿಂದ ಮೆಲ್ಲಗೆ ಒತ್ತಿತು.

"ಟ್ರಿಣ್" ಎಂದರು ಭಾವ, ಬಹಳ ಸಣ್ಣಗೆ. ಬಂಡೆಗೂ ಏಳದ ಕರಡಿ ಮಂಚದಿಂದ ಹಾರಿ ಬಿತ್ತು. "ಬಂದಿ ಬಂದಿ, ನಿಲ್ಲಾ ಮಾರಾಯ!"

ಮೊದಲು ನಕ್ಕವನು ರವೀಶ. ಕೊನೆಯ ಅರ್ಧ ನಿಮಿಷ ಮೊದಲೇ ನೋಡಿದ್ದ, ಇನ್ನೊಬ್ಬರಿಗೆ ಹೇಳಿಯೂ ಇದ್ದ ಆ ಮಹಾನುಭಾವ, ಹೊಟ್ಟೆ ಹಿಡಿದುಕೊಂಡು ನೆಲದ ಮೇಲೆ ಕುಳಿತುಬಿಟ್ಟ. 'ನೋಡಿದ್ಯನಾ ಈಗ?' ಎಂದು ಕೇಳಬೇಕೆಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಅಳಿಯ. ಭಾವನ ನಗು ಅವನ ನಂತರ ಶುರುವಾಯಿತು. ಎದೆಯೊಳಗೆ ಎಲ್ಲೋ ಸಿಕ್ಕಿಕೊಂಡು, ಕೆಮ್ಮಾಗಿ, ಕೆಮ್ಮಿನ ನಡುವೆ ಮತ್ತೆ ನಗುವಾಗಿ, ಅಕ್ಕ ನೀರು ತಂದು ಬೆನ್ನು ತಿಕ್ಕುವವರೆಗೂ ನಿಲ್ಲಲಿಲ್ಲ.

"ಹಂಗಾರೆ ಸುಟ್ಟಿದ್ದು ಆನೇಯ!" ಎಂದರು, ಕಣ್ಣು ಒರೆಸಿಕೊಳ್ಳುತ್ತಾ. "ಊರಿಡೀ ಎನ್ನನ್ನೇ ಕೇಳ್ತಾ ತಿರ್ಗಿತ್ತು."

ಅವರು ನಗುವುದನ್ನು ನೋಡಿ ನನಗೆ ಮತ್ತೆ ಸಿಟ್ಟು ಬಂತು. ಈ ಸಲ ಅಳಿಯನ ಮೇಲಲ್ಲ. ಇಷ್ಟು ನಗಬಲ್ಲ ಮನುಷ್ಯನಿಂದ ಇದನ್ನು ಬಚ್ಚಿಟ್ಟು, ಅವರಿಗೆ ನೋವಾಗಬಾರದು ಎಂದು ನನಗೆ ನಾನೇ ಹೇಳಿಕೊಂಡು ಓಡಾಡಿದ ಆ ಹೇಡಿ ಮೇಷ್ಟ್ರು ಎದುರಿಗೆ ಸಿಕ್ಕಿದ್ದರೆ ಕಿವಿ ಹಿಂಡುತ್ತಿದ್ದೆ.

"ಮತ್ತೊಂದ್ಸಲ ಹಾಕು" ಎಂದರು ಭಾವ. "ಈ ಸಲ ಎಂತ ಆದ್ರೂ ನಿಲ್ಸಡ."

ಹಾಕಿದೆ. ಗುಡ್ಡ ಬಂತು, ಹಿಮ ಬಂತು, ಟೋಪಿಯ ಕೊಕ್ಕರೆ ಬಂತು. ತಿರುಗಿ ನೋಡಿದರೆ ಭಾವ ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು ಕುಳಿತಿದ್ದರು.